ಕಾಕಾಸಾಹೇಬರ ಹೆಸರಿನ ರಕ್ತ

ಗಡಹಿಂಗ್ಲಜ
14 ಸೆಪ್ಟೆಂಬರ್ 2025

ನೂತನಳಿಗೆ, ಪುರಾತನ ಕಾಕಾ ಬರೆಯುವುದು:

ನಿಮ್ಮ ಪ್ರಯೋಗಾಲಯದ ಕೇತನ ಬಂದು ರಕ್ತ ತೆಗೆದುಕೊಂಡು ಹೋಗಿ ವಾರ ದಾಟಿತು. ಸೀಸೆ ಕೊಲ್ಹಾಪುರ ಮುಟ್ಟಿತೋ, ಇಲ್ಲ ದಾರಿಯಲ್ಲಿ ಗಣಪತಿಯ ಜೊತೆ ಅದೂ ವಿಸರ್ಜನೆಯಾಯಿತೋ ತಿಳಿಸು. ಅವನು ಬಂದದ್ದೂ ನೋಡು, ಅನಂತ ಚತುರ್ದಶಿಯ ಬೆಳಿಗ್ಗೆ! ನಮ್ಮ ಓಣಿಯ ಜೈನರೆಲ್ಲ ನೀರೂ ಮುಟ್ಟದೆ ಬಸದಿಗೆ ಹೊರಟ ಹೊತ್ತಿಗೆ ಇವನು ಸೂಜಿ ಹಿಡಿದು ಬಾಗಿಲಲ್ಲಿ. ಇರಲಿ, ನಿನಗೆ ಬೇಕಾಗಿದ್ದ ‘ಗಂಡು, ಅರವತ್ತೆಂಟು, ಆರೋಗ್ಯವಂತ’ ಸೀಸೆ ಬಂತಲ್ಲ? ನಿನ್ನ ಕೊರತೆ ತುಂಬಿತು, ನನ್ನ ವ್ರತವೂ ಕೆಡಲಿಲ್ಲ.

ಆ ಹುಡುಗನನ್ನು ಕೇಳಿದೆ, ನಮ್ಮ ನೂತನ ಅಷ್ಟು ವರ್ಷದಿಂದ ಏನನ್ನು ಓದುತ್ತಾಳಪ್ಪ ಎಂದು. “ಲಾಂಗ್ ನಾನ್‌ಕೋಡಿಂಗ್ ಆರ್‌ಎನ್‌ಎ ಅಂತ ಕಾಕಾ. ಭಾಳ ಉದ್ದ ಇರತೈತಿ, ಪ್ರೋಟೀನ್ ಮಾಡೂದಿಲ್ಲ” ಎಂದ. “ಮತ್ತ ಏನ ಮಾಡತೈತಿ?” ಎಂದೆ. ಅವನು ಬಾಯಿ ತೆರೆಯುವ ಮೊದಲೇ ಅಡುಗೆಮನೆಯಿಂದ ನನ್ನ ಮನೆಯಾಕೆಯ, ಅಂದರೆ ನಿನ್ನ ಕಾಕುವಿನ, ಕಾಕು ಮಾತು ಬಂತು: “ಉದ್ದ ಇದ್ದು ಏನೂ ಮಾಡದ್ದು ಬೇಕಾಗಿದ್ರ ಆರಾಮ ಖುರ್ಚಿ ಮ್ಯಾಲ ಒಬ್ರು ಅದಾರ ನೋಡಪಾ, ಎತಗೊಂಡ ಹೋಗು.”

ಫೋನಿನಲ್ಲಿ ಕೇಳಬಹುದಿತ್ತು. ಆದರೆ ಮನೆಯ ಏಕೈಕ ಫೋನು ಅವಳದು, ಅದು ಸದಾ ಸ್ಪೀಕರ್ ಮೇಲೆ. ಫೋನಿನ ದನಿಗೆ ನನ್ನ ಕಿವಿಗಳೋ ನನಗಿಂತ ಮೊದಲೇ ನಿವೃತ್ತವಾದವು. ನೀನು ಕೂಗಿದ್ದು ಓಣಿಗೆಲ್ಲ ಕೇಳುತ್ತದೆ, ನನಗೊಬ್ಬನಿಗೆ ಬಿಟ್ಟು. ಪತ್ರವೇ ವಾಸಿ. ಬರೆ.

ಕಾಕಾಸಾಹೇಬ


ಕೊಲ್ಹಾಪುರ
21 ಸೆಪ್ಟೆಂಬರ್ 2025

ಹುಟ್ಟುವಾಗಲೇ ಊರಿಗೆಲ್ಲ ಕಾಕಾ ಎಂದು ಹೆಸರಿಡಿಸಿಕೊಂಡ ನನ್ನ ಕಾಕಾನಿಗೆ,

ಸೀಸೆ ಸುಖವಾಗಿ ತಲುಪಿದೆ. ಮೈನಸ್ ಎಂಬತ್ತು ಡಿಗ್ರಿಯಲ್ಲಿ ಮಲಗಿದೆ. ನನಗಂತೂ ನಿದ್ರೆ ಇಲ್ಲ. ನನ್ನ ಮಾರ್ಗದರ್ಶಕಿ ಮನೀಷಾ ಮೇಡಮ್ ಮಾರ್ಗವನ್ನೂ ತೋರಿಸುವುದಿಲ್ಲ, ದರ್ಶನವನ್ನೂ ಕೊಡುವುದಿಲ್ಲ. ಆದ್ದರಿಂದ ನಿಮಗೆ ಪಾಠ ಹೇಳುವಷ್ಟು ಬಿಡುವು ಇದೆ.

ಕಬ್ಬಿನ ಕಾರ್ಖಾನೆಯನ್ನು ನೆನಪಿಸಿಕೊಳ್ಳಿ. ಬೆಳೆಯುವವನು ರೈತ, ಕಡಿಯುವವರು ಬೀಡ ಜಿಲ್ಲೆಯಿಂದ ಬಂದ ಗಂಡ-ಹೆಂಡಿರ ಜೋಡಿಗಳು, ಅರೆಯುವುದು ಗಾಣ. ನಡುವೆ ಮೋಟಾರ್‌ಸೈಕಲ್ ಮೇಲೆ ಓಡಾಡುವ ಚಿಟ್‌ಬಾಯ್ ಒಬ್ಬನಿದ್ದಾನಲ್ಲ, ಇವತ್ತು ಯಾರ ಹೊಲಕ್ಕೆ ಕಟಾವು, ಯಾರಿಗೆ ಇನ್ನೂ ಇಲ್ಲ ಎಂದು ಹೇಳಿ ಹೋಗುವವನು? ಅವನ ಕೈಯಿಂದ ಒಂದು ಹಿಡಿ ಸಕ್ಕರೆಯೂ ಹುಟ್ಟುವುದಿಲ್ಲ. ಆದರೆ ಅವನು ದಾರಿ ತಪ್ಪಿದರೆ ಒಬ್ಬನ ಕಬ್ಬು ಹೂ ಬಿಟ್ಟು ಒಣಗುತ್ತದೆ, ಇನ್ನೊಬ್ಬನದು ಎಳೆಯದರಲ್ಲೇ ಗಾಣಕ್ಕೆ ಬೀಳುತ್ತದೆ. ನನ್ನ ಆರ್‌ಎನ್‌ಎ ಅವನೇ. ಡಿಎನ್‌ಎಯಲ್ಲಿ ಪ್ರೋಟೀನು ಮಾಡುವ ಪಾಠ ಇರುವುದು ನೂರಕ್ಕೆ ಎರಡು ಪಾಲೂ ಅಲ್ಲ. ಉಳಿದದ್ದರಿಂದ ನಕಲಾಗಿ ಬರುವ ಉದ್ದುದ್ದ ಎಳೆಗಳನ್ನು ಬಹಳ ಕಾಲ ಕಸ ಎಂದರು. ಈಗ ನೋಡಿದರೆ ಯಾವ ಜೀನು ಎಚ್ಚರಿರಬೇಕು, ಯಾವುದು ಮಲಗಬೇಕು ಎಂದು ಹೇಳುವವರಲ್ಲಿ ಇವರೂ ಇದ್ದಾರೆ. ಇವರ ಲೆಕ್ಕ ತಪ್ಪಿದಲ್ಲಿ ಕ್ಯಾನ್ಸರು, ಹೃದಯದ ರೋಗ, ಏನೇನೋ.

ನಾನು ಹಿಡಿದಿರುವುದು ಒಂದೇ ಎಳೆ. ಹೃದಯ ಸೋಲುತ್ತಿರುವವರ ರಕ್ತದಲ್ಲಿ ಅದು ಏರುತ್ತದೆಯೇ ಎಂಬುದು ಪ್ರಶ್ನೆ. ಹೋಲಿಸಿ ನೋಡಲು ಗಟ್ಟಿಮುಟ್ಟಾದ ಮುದುಕರು ಬೇಕು. ಅದಕ್ಕೇ ನೀವು. ಸಂಶೋಧನೆಯಾದ್ದರಿಂದ ಯಾರ ಫಲಿತಾಂಶವನ್ನೂ ಅವರಿಗೆ ತಿಳಿಸುವಂತಿಲ್ಲ, ಸಹಿ ಹಾಕುವಾಗಲೇ ಓದಿದ್ದೀರಿ. ಓದಿದ್ದೀರಿ ತಾನೆ?

ಕಾಕುಗೆ ನಮಸ್ಕಾರ. ಕಾಲೇಜಿನ ಐದು ವರ್ಷ ನಿಮ್ಮ ಮನೆಯಲ್ಲಿದ್ದಾಗ ಅವಳು ಕಟ್ಟಿಕೊಟ್ಟ ಡಬ್ಬಿಯ ರುಚಿ ಇಲ್ಲಿಯ ಮೆಸ್ಸಿನಲ್ಲಿ ದಿನವೂ ನೆನಪಾಗುತ್ತದೆ.

ನೂತನ


ಕೊಲ್ಹಾಪುರ
9 ಡಿಸೆಂಬರ್ 2025

ಕಾಕಾ,

ಹೇಗಿದ್ದೀರಿ? ಸುಮ್ಮನೆ ಕೇಳಿದೆ. ಇಲ್ಲ, ಸುಮ್ಮನೆ ಅಲ್ಲ. ಚಳಿಗಾಲ ನೋಡಿ, ಈ ವಯಸ್ಸಿನಲ್ಲಿ ಒಮ್ಮೆ ಎಲ್ಲರೂ ಇಸಿಜಿ ತೆಗೆಸುತ್ತಾರೆ. ಎಲ್ಲರೂ. ನನ್ನ ರೂಮಿನ ಗೆಳತಿ ರುತುಜಾಳ ತಂದೆಯೂ ತೆಗೆಸಿದರು. ನಡೆಯುವಾಗ ಎದೆ ಹಿಡಿದಂತೆ ಆಗುತ್ತದೆಯೇ? ರಾತ್ರಿ ಉಸಿರು ಕಟ್ಟಿ ಎದ್ದು ಕೂರುತ್ತೀರಾ? ಕಾಲು ಬಾತಿದೆಯೇ? ಅನ್ನಿಸಿದ್ದನ್ನೆಲ್ಲ ಬರೆಯಿರಿ, ತಮಾಷೆ ಬೇಡ.

ಪ್ರಯೋಗ ಮುಗಿದಿದೆ. ಫಲಿತಾಂಶ ಬಂದಿದೆ. ಅದರ ಬಗ್ಗೆ ಏನೂ ಬರೆಯುವಂತಿಲ್ಲ.

ಬಿಸಿನೀರು ಕುಡಿಯಿರಿ. ಅದರಿಂದ ಏನೂ ಆಗುವುದಿಲ್ಲ, ಆದರೂ ಕುಡಿಯಿರಿ.

ನೂತನ


ಗಡಹಿಂಗ್ಲಜ
15 ಡಿಸೆಂಬರ್ 2025

ಹೃದಯ ಕಳೆದುಕೊಂಡ ಮಗಳೇ,

ಒಂದೇ ಪತ್ರದಲ್ಲಿ ಎದೆ, ಉಸಿರು, ನಿದ್ರೆಗೇಡು ಎಲ್ಲ ಬಂದಿವೆ. ನಾನೂ ಒಂದು ಕಾಲದಲ್ಲಿ ಇಪ್ಪತ್ತೆಂಟರವನಿದ್ದೆ. ಹೇಳಿಬಿಡು, ಯಾರವನು? ನಿನ್ನ ಕಾಕುಗೆ ಪತ್ರ ಓದಿ ತೋರಿಸಿದೆ. “ಇದು ಕಾಕಾನ ಎದಿ ಕೇಳೂ ಪತ್ರ ಅಲ್ರಿ, ತನ್ನ ಎದಿ ಹೇಳೂ ಪತ್ರ” ಎಂದಳು. ಹುಡುಗ ನಮ್ಮವನೋ ಹೊರಗಿನವನೋ, ಸಂಜೆ ಹೊತ್ತು ಮುಳುಗುವ ಮುಂಚೆ ಉಣ್ಣುವ ಪೈಕಿಯೋ ಮುಳುಗಿದ ಮೇಲೆ ಏಳುವ ಪೈಕಿಯೋ ಎಂದು ವಿಚಾರಣೆ ಶುರುವಾಗಿದೆ.

ನನಗೆ ಏನೂ ಆಗಿಲ್ಲ. ದಿನಾ ಬೆಳಿಗ್ಗೆ ಹಿರಣ್ಯಕೇಶಿ ಹೊಳೆಯವರೆಗೆ ನಡೆದು ಬರುತ್ತೇನೆ. ಸೋಮಾರಿತನ ಹತ್ತಿರುವುದು ನಿನ್ನ ಕಾಕುವಿಗೆ. ಬಸದಿಯ ಮೆಟ್ಟಿಲ ನಡುವೆ ಕೂತು, “ನೀವು ಮುಂದ ನಡೀರಿ, ನಾ ಇಲ್ಲಿಂದನ ಕೈ ಮುಗೀತೇನಿ, ದೇವರಿಗೆ ಕಣ್ಣ ಚಲೋ ಅದಾವ” ಎನ್ನುತ್ತಾಳೆ. ಮನೆಯ ದಿಂಬುಗಳನ್ನೆಲ್ಲ ಪೇರಿಸಿ ಮಹಾರಾಣಿಯಂತೆ ಒರಗಿ ಮಲಗುತ್ತಾಳೆ. ಏನಿದು ದರ್ಬಾರು ಎಂದರೆ, “ಪಿತ್ತ ಮ್ಯಾಲ ಬರತೈತ್ರಿ.” ಕಾಲುಂಗುರವೂ ಬಿಗಿಯಾಗಿದೆಯಂತೆ. ಹೊಸದು ಬೇಕೆಂಬುದಕ್ಕೆ ಇಷ್ಟು ದೀರ್ಘ ಪೀಠಿಕೆ ನಾನು ತರಗತಿಯಲ್ಲಿ ಪಾಣಿಪತದ ಪಾಠಕ್ಕೂ ಹಾಕಿರಲಿಲ್ಲ.

ಹುಡುಗನ ಫೋಟೋ ಕಳಿಸು.

ಕಾಕಾ


ಕೊಲ್ಹಾಪುರ
19 ಡಿಸೆಂಬರ್ 2025

ಕಾಕಾ,

ಹುಡುಗನಿಲ್ಲ. ಫೋಟೋ ಇಲ್ಲ. ತಮಾಷೆ ಬೇಡ ಎಂದು ಬರೆದಿದ್ದೆ, ನೀವು ಅದನ್ನೇ ಮೊದಲು ಮಾಡಿದ್ದೀರಿ.

ಮನೀಷಾ ಮೇಡಮ್ ಜೊತೆ ಜಗಳವಾಡಿ ಬಂದೆ. “ಒಂದು ಎಳೆ ಏರಿದೆ ಎಂದರೆ ರೋಗವಿದೆ ಎಂದಲ್ಲ. ನಿನ್ನ ಸಂಶೋಧನೆಯೇ ಇನ್ನೂ ಯಾರೂ ಒಪ್ಪಿದ್ದಲ್ಲ” ಎನ್ನುತ್ತಾರೆ. ಸರಿಯೇ. ಸರಿ ಎಂದು ಗೊತ್ತಿದ್ದೂ ಮೂರು ದಿನದಿಂದ ಅನ್ನ ಸೇರುತ್ತಿಲ್ಲ. ನಾನು ಏನನ್ನೂ ಹೇಳುತ್ತಿಲ್ಲ. ಯಾರ ಬಗ್ಗೆಯೂ ಹೇಳುತ್ತಿಲ್ಲ. ನಿಮ್ಮ ಮಗಳಂತೆ ಬೆಳೆದವಳು ಕೇಳುತ್ತಿದ್ದೇನೆ, ಹೃದಯದ ಡಾಕ್ಟರ ಹತ್ತಿರ ಒಮ್ಮೆ ಹೋಗಿ ಬನ್ನಿ. ಇಸಿಜಿ ಸಾಕಾಗದು, ಎಕೋ ಕೂಡ ತೆಗೆಸಿ. ಹೋಗುವವರೆಗೆ ಆ ಮನೆಗೆ ನನ್ನ ಪತ್ರ ಬರುವುದಿಲ್ಲ.

ನೂತನ


ಗಡಹಿಂಗ್ಲಜ
2 ಜನವರಿ 2026

ಸಿಟ್ಟಿನ ನೂತನಳಿಗೆ ಹೊಸ ವರ್ಷದ ಹಳೆ ಕಾಕಾ:

ನೀನೇ ಗೆದ್ದೆ! ನಿನ್ನ ಮುನಿಸಿಗೆ ಹೆದರಿ ಹೋಗಿಬಂದೆ. ಇಸಿಜಿ ಆಯಿತು, ಎಕೋ ಆಯಿತು, ಓಡುವ ಪಟ್ಟಿಯ ಮೇಲೂ ಓಡಿಸಿದರು. ಜೀವಮಾನದಲ್ಲಿ ಮೊದಲ ಸಲ ಎಲ್ಲಿಗೂ ಹೋಗದೆ ದಣಿದೆ. ಡಾಕ್ಟರು ನನ್ನ ಹಳೆಯ ವಿದ್ಯಾರ್ಥಿ, ಇತಿಹಾಸದಲ್ಲಿ ನಪಾಸಾಗಿ ವಿಜ್ಞಾನಕ್ಕೆ ಓಡಿದವನು. “ಸರ್, ನಿಮ್ಮ ಹಾರ್ಟ್ ನಲವತ್ತರ ಹುಡುಗನ್ದ ಐತ್ರಿ” ಎಂದ. ನಿನ್ನ ಯಂತ್ರಕ್ಕೆ ಹೇಳು.

ಕಾಕುವೂ ಬಂದಿದ್ದಳು. ದವಾಖಾನೆ ಮಾಳಿಗೆಯ ಮೇಲೆ, ಲಿಫ್ಟಿಲ್ಲ. ಕೆಳಗೆ ಔಷಧಿ ಅಂಗಡಿಯ ಬೆಂಚಿನ ಮೇಲೇ ಕೂತಳು. ಇಳಿದು ಬಂದು ನೋಡಿದರೆ ಗೋಡೆಗೆ ತಲೆ ಆನಿಸಿ ನಿದ್ರೆ ಹೋಗಿದ್ದಾಳೆ, ತುಟಿಗೆ ಜಾಂಬಳದ ಬಣ್ಣ. “ನೇರಳೆ ಎಲ್ಲಿ ಸಿಕ್ಕಿತು ಈ ಸೀಜನ್ನಿನಲ್ಲಿ, ನನಗಿಟ್ಟಿಲ್ಲವೇ?” ಎಂದು ಕಾಡಿದೆ. “ಚಳಿಗ್ರಿ” ಎಂದಳು, ಅಷ್ಟೇ. ನನ್ನ ರಿಪೋರ್ಟನ್ನು ಓಣಿಯ ಹೆಂಗಸರಿಗೆಲ್ಲ ತೋರಿಸಿ ಬಂದಿದ್ದಾಳೆ. ಅದರ ನಕಲನ್ನು ಈ ಪತ್ರದ ಜೊತೆ ಇಟ್ಟಿದ್ದೇನೆ.

ಇನ್ನಾದರೂ ನಿಶ್ಚಿಂತೆಯಿಂದ ಉಣ್ಣು.

ನಲವತ್ತರ ಹುಡುಗ


ಕೊಲ್ಹಾಪುರ ಎಸ್‌ಟಿ ಸ್ಟ್ಯಾಂಡ್
8 ಜನವರಿ 2026, ಗುರುವಾರ

ಕಾಕಾ,

ಅಂಚೆಗೆ ಕೊಡದೆ ಗಡಹಿಂಗ್ಲಜ ಗಾಡಿಯ ಕಂಡಕ್ಟರ ಕೈಯಲ್ಲಿ ಕಳಿಸುತ್ತಿದ್ದೇನೆ. ಫೋನು ಮಾಡಿದರೆ ಎತ್ತುವವಳು ಕಾಕು. ಮೊದಲು ನೀವು ಓದಬೇಕು, ಕೂತು ಓದಿ.

ನಿಮ್ಮ ರಿಪೋರ್ಟು ನೋಡಿ ಮೊದಲು ನಕ್ಕೆ, ಆಮೇಲೆ ಅತ್ತೆ, ಆಮೇಲೆ ಮೇಡಮ್ ಮೇಜಿನ ಮೇಲೆ ಇಟ್ಟೆ. ನಿಮ್ಮ ಸೀಸೆಯಲ್ಲಿ ನನ್ನ ಎಳೆ ರೋಗಿಗಳಷ್ಟೇ ಏರಿತ್ತು, ಕಾಕಾ. ರಕ್ತ ಕೊಟ್ಟವರಲ್ಲಿ ಅರವತ್ತೆಂಟರ ಗಂಡಸು ನೀವೊಬ್ಬರೇ. ಅದಕ್ಕೇ ನಾನು ನಿಮ್ಮ ಬೆನ್ನು ಹತ್ತಿದ್ದು. ಹೃದಯ ಗಟ್ಟಿಯಿದ್ದರೆ ಅದು ಏಕೆ ಏರಬೇಕು? ಮೇಡಮ್ ರಿಪೋರ್ಟನ್ನು ಹಿಂದೆ ಮುಂದೆ ತಿರುಗಿಸಿ, “ಸೀಸೆ ಗಂಡಸಿನದೇ ಎಂದು ನೋಡಿದ್ದೀಯಾ?” ಎಂದರು. ನೋಡಿರಲಿಲ್ಲ. ಎಲ್ಲರೂ ಮೊದಲ ದಿನವೇ ಮಾಡುವ ಪರೀಕ್ಷೆ. ನನ್ನ ಮನೆಯವರ ಸೀಸೆಗೆ ಅದು ಬೇಕೆಂದು ಅನ್ನಿಸಲೇ ಇಲ್ಲ.

ಹೆಂಗಸರ ಜೀವಕೋಶಗಳಲ್ಲಿ ಎರಡು ಎಕ್ಸ್ ವರ್ಣತಂತುಗಳಿರುತ್ತವೆ. ಎರಡೂ ಒಟ್ಟಿಗೆ ಮಾತಾಡಿದರೆ ಕೋಶ ತಾಳಲಾರದು. ಹಾಗಾಗಿ ಒಂದರಿಂದಲೇ ಒಂದು ಉದ್ದ ಎಳೆ ಹೊರಟು, ಅದನ್ನೇ ಸುತ್ತಿಕೊಂಡು, ಅದರ ಬಹುಪಾಲು ಬಾಯಿ ಮುಚ್ಚಿಸುತ್ತದೆ. ಜೀವವಿರುವವರೆಗೆ. ಗಂಡಸರಲ್ಲಿ ಇರುವುದೇ ಒಂದು ಎಕ್ಸ್, ಮುಚ್ಚಿಸುವ ಕೆಲಸವಿಲ್ಲ, ರಕ್ತದಲ್ಲಿ ಆ ಎಳೆ ಇಲ್ಲವೆಂದೇ ಹೇಳಬೇಕು. ನಿಮ್ಮ ಸೀಸೆಯಲ್ಲಿ ಅದು ತುಂಬಿ ತುಳುಕುತ್ತಿದೆ.

ಕೇತನನನ್ನು ಹಿಡಿದು ಕೇಳಿದೆ. “ಮೇಡಮ್, ಲೇಬಲ್ ಇಲ್ಲಿಂದನ ಹಚ್ಚಿ ಕೊಟ್ಟಿದ್ರಿ. ಆ ಮನ್ಯಾಗ ಯಾರ ಕೈ ಚಾಚಿದ್ರು, ಅವರ್ದ ತೊಗೊಂಡೆ. ಕಾಕಾ ಹೂಂ ಅಂದ್ರು.”

“ಕೈ ಹೆಂಗಿತ್ತೋ?”

“ಕೈ ತುಂಬ ಬಳಿ ಇದ್ದೂರಿ.”

ಅನಂತ ಚತುರ್ದಶಿ. ನೀವು ನಿರಾಹಾರ. ಪಂಚಾಂಗ ನೋಡದೆ ರಕ್ತ ತರುವ ದಿನ ಗೊತ್ತು ಮಾಡಿದವಳು ನಾನು, ಜೈನರ ಮನೆಯಲ್ಲೇ ಬೆಳೆದವಳು. ಇದರಲ್ಲಿ ಯಾರ ತಪ್ಪು ಎಷ್ಟು ಎಂದು ಆಮೇಲೆ ಹಂಚಿಕೊಳ್ಳೋಣ. ನಿಮ್ಮ ಹಿಂದಿನ ಪತ್ರಗಳನ್ನು ತೆಗೆದು ಮತ್ತೆ ಓದಿದೆ. ನಾನು ಕೇಳಿದ ಪ್ರತಿಯೊಂದಕ್ಕೂ ಅವುಗಳಲ್ಲಿ ಉತ್ತರವಿತ್ತು. ನನ್ನ ಕಣ್ಣು ನಿಮ್ಮ ಮೇಲಿತ್ತು, ಅಷ್ಟೇ. ಆ ತುಟಿಯ ಬಣ್ಣ ಚಳಿಯದಲ್ಲ.

ಒಂದು ಎಳೆಯಿಂದ ರೋಗ ಸಿದ್ಧವಾಗುವುದಿಲ್ಲ, ಈಗಲೂ ಅದನ್ನೇ ಬರೆಯುತ್ತೇನೆ. ಆದರೆ ಕಾಕುವನ್ನು ನಾಳೆಯೇ ಕರೆದುಕೊಂಡು ಹೋಗಿ. ಇಲ್ಲವೆಂದರೆ ನಾಳೆ ಸಂಜೆಯ ಗಾಡಿಗೆ ನಾನು ಬಾಗಿಲಲ್ಲಿರುತ್ತೇನೆ.

ನೂತನ


ಗಡಹಿಂಗ್ಲಜ
9 ಜನವರಿ 2026

ನೂತನ,

ಪೇಪರು ತರಲು ಹೋದವನನ್ನು ಕಂಡಕ್ಟರು ಕರೆದು ಪತ್ರ ಕೊಟ್ಟು, “ಅರ್ಜಂಟ ಐತಂತ್ರಿ ಸರ್” ಎಂದ. ಅಲ್ಲೇ ಸ್ಟ್ಯಾಂಡಿನಲ್ಲಿ ನಿಂತು ಓದಿದೆ. ಕೂತು ಓದು ಎಂದು ಯಾಕೆ ಬರೆದಿದ್ದೆ ಎಂಬುದು ಕೊನೆಗೆ ಗೊತ್ತಾಯಿತು.

ಮನೆಗೆ ಬಂದೆ. ನಿನ್ನ ಕಾಕು ಜೋಳ ಹಸನು ಮಾಡುತ್ತಿದ್ದಳು. 

“ಸೋನಾ, ನಿನಗ ದಮ್ಮು ಹತ್ತತೈತೇನ?” ಎಂದೆ.

ತಲೆ ಎತ್ತಲಿಲ್ಲ. “ಯಾವಾಗಿಂದ ಕೇಳಾಕತ್ತೀರಿ?”

“ಈಗ.”

“ಹಂಗಾದ್ರ ಈಗಿಂದ ಹತ್ತೇತಿ ಅಂತ ತಿಳಕೋರಿ.”

ಆ ಚತುರ್ದಶಿಯ ದಿನ ನಾನು “ಸೋನಾ, ಕೈ ಚಾಚು, ನಮ್ಮ ನೂತನಂದು ಕೆಲಸ ನಿಂದ್ರಬಾರದು” ಎಂದಿದ್ದೆ. ಅವಳಿಗೂ ಅಂದು ಉಪವಾಸ. ಅದೂ ನೆನಪಾದದ್ದು ಈಗಲೇ. ನನ್ನ ವ್ರತ ಕೆಡಬಾರದೆಂದು ಅವಳದನ್ನು ಕೆಡಿಸಿದೆ. ಗ್ಯಾಸು ನನ್ನ ಹೆಸರಿನಲ್ಲಿದೆ, ಅವಳು ಹಾಲು ಹಾಕುವ ಡೇರಿಯ ಖಾತೆ ನನ್ನ ಹೆಸರಿನಲ್ಲಿದೆ, ಎಮ್ಮೆಯ ವಿಮೆಯೂ ನನ್ನದೇ ಹೆಸರಿನಲ್ಲಿ. ರಕ್ತವೂ ಒಂದು ಸೇರಿದರೆ ಏನಾಯಿತು ಎಂದುಕೊಂಡಿದ್ದೆ. ಈಗ ನಾನು ನಿನಗೆ ಬರೆದ ನಗೆಹನಿಗಳು ಒಂದೊಂದೂ ಎದುರು ನಿಂತು ನನ್ನ ಮುಖ ನೋಡುತ್ತಿವೆ.

ಇಲ್ಲಿಯ ಡಾಕ್ಟರ ಮಾಳಿಗೆ ಹತ್ತಲಾರೆ ಎಂದಳು. ಇಚಲಕರಂಜಿಯಲ್ಲಿ ಅವಳ ತಮ್ಮ ಸುಕುಮಾರನ ಮನೆಯ ಹಿಂದೆಯೇ ಒಂದು ದೊಡ್ಡ ದವಾಖಾನೆ ಇದೆ, ನೆಲದ ಮೇಲೇ. ಅಲ್ಲಿಗೆ ನಾಳೆ ಹೊರಡುತ್ತೇವೆ. ಇದನ್ನೂ ಅದೇ ಕಂಡಕ್ಟರ ಕೈಯಲ್ಲಿ ಕಳಿಸುತ್ತಿದ್ದೇನೆ, ನೀನು ಇಲ್ಲಿಗೆ ಬರಬೇಡ, ಅಲ್ಲಿಗೆ ಬಾ. ಜೊತೆಗೆ ನಾನು ಬರಲೇ ಎಂದು ಕೇಳಿದೆ. “ಬರ್ರಿ. ಆದರ ಡಾಕ್ಟರ ಮುಂದ ನೀವು ಮಾತಾಡಬ್ಯಾಡ್ರಿ” ಎಂದಳು.

ಬದುಕಿಸುತ್ತಾರಲ್ಲ, ನೂತನ? ಇಷ್ಟನ್ನು ಬರೆ.

ಕಾಕಾ


ಇಚಲಕರಂಜಿ
17 ಜನವರಿ 2026

ನೂತನಾ,

ಇದು ಕಾಕಾನ ಅಕ್ಷರ ಅಲ್ಲ ಅಂತ ಗಾಬರಿ ಆಗಬ್ಯಾಡ. ನಾ ಬರಿಯಾಕತ್ತೇನಿ, ಸೋನಾಕಾಕು. ಏಳನೇತ್ತ ಮಟಾ ಕನ್ನಡ ಸಾಲಿ ಕಲತಾಕಿ, ಅಕ್ಷರ ಸೊಟ್ಟ ಬಿದ್ದರ ನಗು, ಆದರ ಪೂರಾ ಓದು. ನೀ ರವಿವಾರ ಬಂದು ನನ್ನ ಕೈ ಹಿಡಕೊಂಡು ಅತ್ತು ಹೋದಿ. ನನಗ ಮಾತಾಡಾಕ ಸಂದಿನ ಕೊಡಲಿಲ್ಲ.

ಡಾಕ್ಟರು ಮೊದಲನೇ ದಿನ ಕೇಳಿದ್ರು, ಎಂದಿಂದ ದಮ್ಮು ಅಂತ. ನಿಮ್ಮ ಕಾಕಾ ಮಾತು ಕೊಟ್ಟಿದ್ರೂ ಬಾಯಿ ತಗದ್ರು: “ಅಕಿಗೆ ಪಿತ್ತದ್ದು...” ನಾ ಅಂದೆ, “ನೀವು ಹೊರಗ ಕೂಡ್ರಿ.” ಹೋಗಿ ಕೂತ್ರು. ನಾ ಹೇಳಿದ್ದನ್ನ ಅವರು ಹಂಗ ಕೇಳಿದ್ದು ಮೊದಲ ಸಲ ನೋಡೇನಿ.

ಆಮ್ಯಾಲ ಎಲ್ಲಾ ಹೇಳಿದೆ. ಹಿಂದಿನ ದೀಪಾವಳಿಗಿಂತ ಮೊದಲ ಶುರು ಆತು. ಅಂಗಾತ ಮಲಗಿದ್ರ ಎದಿ ಮ್ಯಾಲ ಯಾರೋ ಕೂತಂಗ ಅಕ್ಕಿತ್ತು. ಯಾಕ ಹೇಳಲಿಲ್ಲ ಅಂದ್ರು. ಯಾರರ ಕೇಳಿದ್ರ ಹೇಳತಿದ್ದೆ. ನೀ ನಾಕ ತಿಂಗಳದಾಗ ಎಷ್ಟ ಪತ್ರ ಬರದಿ, ನಿಮ್ಮ ಎದಿ ಹೆಂಗೈತಿ ಕಾಕಾ, ನಿಮ್ಮ ಕಾಲು ಬಾತಾವೇನ ಕಾಕಾ. ಅವರು ಓದಿ ತೋರಸತಿದ್ರು. ನನ್ನ ಕಾಲು ಅಲ್ಲೇ ಇದ್ದೂ, ಅವರ ಮುಂದ. ಸಿಟ್ಟ ಇಲ್ಲ. ಇತ್ತು, ಈಗ ಕಡಿಮಿ ಆಗೇತಿ.

ಸಣ್ಣಾಕಿ ಇದ್ದಾಗ ಕೀಲು ಬಾತು ಜ್ವರ ಬಂದಿತ್ತು, ಅದರಿಂದನ ಹೃದಯದಾಗಿನ ಒಂದು ವಾಲ್ವ್ ಬಿರಸಾಗಿ ಸರಿ ತೆರಿಯೂದಿಲ್ಲಂತ. ಗುಳಿಗಿ ಕೊಟ್ಟಾರ, ಬಾವು ಇಳದೇತಿ, ನಿನ್ನೆ ಒಂದ ದಿಂಬಿನ ಮ್ಯಾಲ ಮಲಗೇನಿ. ಆದರ ಗುಳಿಗಿ ಒಂದರಿಂದ ಆಗೂದಿಲ್ಲ, ಕೊಲ್ಹಾಪುರದಾಗ ತೊಡಿಯಿಂದ ನಳಿಗಿ ಹಾಕಿ ಅದನ್ನ ಹಿಗ್ಗಸಬೇಕು ಅಂದ್ರು. ಹೆಚ್ಚಿನ ಮಂದಿಗೆ ಚಲೋ ಅಕ್ಕೈತಿ, ಕೆಲವರಿಗೆ ಇಲ್ಲ, ಇದನ್ನೂ ಮುಚ್ಚಲಾರದ ಹೇಳಿದ್ರು. ಚಲೋ ಮನಶ್ಯಾ. ಸುಕುಮಾರ “ಅಕ್ಕಾ, ಭಾವುಜೀನ್ನ ಕೇಳೂಣ” ಅಂದ. ಬ್ಯಾಡ ಅಂದೆ. ಡಾಕ್ಟರ ಕಾಗದಾ ಕೊಟ್ರು, ನಾನ ಸಹಿ ಮಾಡೇನಿ.

ಹೆದರಿಕಿ ಐತಿ. ಸುಳ್ಳ ಯಾಕ ಹೇಳಲಿ. ಈ ಓಣ್ಯಾಗ ಹಗಲಾ ರಾತ್ರಿ ಮಗ್ಗ ಬಡಿತಾವು, ಮೊದಲ ನಿದ್ದಿ ಬರತಿರಲಿಲ್ಲ, ಈಗ ಅವು ನಿಂತ್ರ ಎಚ್ಚರಾಗತೇನಿ.

ನಿಮ್ಮ ಮೇಡಮ್ಮಗ ಹೇಳು, ಆ ಸೀಸೆದ್ದು ಚೀಟಿ ಕಿತ್ತು ಒಗೀರಿ ಅಂತ. ನನ್ನ ರಕ್ತ ನಿಮಗ ಬೇಕಾದ್ರ ಮತ್ತ ಕೊಡತೇನಿ, ಅರವತ್ತೊಂದು, ಹೆಂಗಸು, ಆರೋಗ್ಯ ಇಲ್ಲದಾಕಿ ಅಂತ ಬರಕೋರಿ. ಮೊದಲ ನನಗ ಕೂಡಿಸಿ ಕೇಳಬೇಕು, ಉಪವಾಸ ಐತೇನ ಅಂತ.

ಸಹಿ ಮಾಡಿದ ಮಾತು ನಿಮ್ಮ ಕಾಕಾಗ ಇನ್ನೂ ಗೊತ್ತಿಲ್ಲ. ಮುಂಜಾನಿಂದ ಹೊರಗ ಬೆಂಚಿನ ಮ್ಯಾಲ ಕೂತಾರ, ಒಳಗ ಬರಾಕ ಧೈರ್ಯ ಇಲ್ಲ. ನೀ ಪತ್ರ ಬರದು ತಿಳಸಬ್ಯಾಡ. ಸುಕುಮಾರಗೂ ಹೇಳೇನಿ, ಸುಮ್ಮನಿರು ಅಂತ.

ಅವರ ಎದ್ದು ಬರಲಿ. ಬಂದು ನನ್ನನ್ನ ಕೇಳಲಿ.

ಸೋನಾಬಾಯಿ